ಉಂಡ ಮೇಲೆ ನಡೆಯುವುದೋ, ಉಣ್ಣುವ ಮೊದಲೋ? ಸಕ್ಕರೆ ಮಟ್ಟಕ್ಕೆ ಸರಿಯಾದ ಹೊತ್ತು

ಓದುಗರಿಂದ ಪದೇ ಪದೇ ಬರುವ ಪ್ರಶ್ನೆ ಇದು. ಬೆಳಗಾವಿಯ ಕೋಟೆ ಕೆರೆ ಸುತ್ತುವವರು ಕೇಳುತ್ತಾರೆ, ವಿಜಯಪುರದಲ್ಲಿ ಗೋಳಗುಮ್ಮಟದ ಕಡೆ ಮುಂಜಾನೆ ಹೋಗುವವರು ಕೇಳುತ್ತಾರೆ, ಬಾಗಲಕೋಟೆ ನವನಗರದವರೂ ಕೇಳುತ್ತಾರೆ: "ಖಾಲಿ ಹೊಟ್ಟೆಯಲ್ಲಿ ನಡೆದರೆ ಶುಗರ್ ಜಾಸ್ತಿ ಹತೋಟಿಗೆ ಬರುತ್ತದಾ, ಊಟ ಆದ ಮೇಲೆ ನಡೆದರಾ? ಉಂಡ ಕೂಡಲೇ ನಡೆದರೆ ಹೊಟ್ಟೆಗೆ ಕೆಟ್ಟದ್ದು ಅಂತಾರಲ್ಲ, ಅದು ನಿಜವಾ?"

ಉತ್ತರ ಮೊದಲೇ ಹೇಳಿಬಿಡುತ್ತೇನೆ. ಊಟದ ನಂತರ ಏರುವ ಸಕ್ಕರೆಯನ್ನು ತಗ್ಗಿಸಬೇಕು ಅನ್ನುವುದು ನಿಮ್ಮ ಉದ್ದೇಶವಾದರೆ, ಊಟ ಆದ ಮೇಲೆ ನಡೆಯಿರಿ. ಅದೂ ಬೇಗ, ಅರ್ಧ ಗಂಟೆಯೊಳಗೆ ಶುರು ಮಾಡಿ. 10ರಿಂದ 15 ನಿಮಿಷ ಸಾಕು. ದಿನಕ್ಕೆ ಒಂದೇ ಸಲ ಆಗುವುದು ಅಂದರೆ ರಾತ್ರಿ ಊಟದ ನಂತರದ ಹೊತ್ತನ್ನೇ ಆರಿಸಿಕೊಳ್ಳಿ.

ಈ ಲೇಖನ ಸಕ್ಕರೆ ಕಾಯಿಲೆ ಇಲ್ಲದ, ಆರೋಗ್ಯವಾಗಿರುವ ವಯಸ್ಕರಿಗಾಗಿ. ಕಾಯಿಲೆ ಇದ್ದು ಮಾತ್ರೆ ಅಥವಾ ಇನ್ಸುಲಿನ್ ತೆಗೆದುಕೊಳ್ಳುವವರು 1ನೇ ಹಂತದಲ್ಲಿರುವ ಎಚ್ಚರಿಕೆಯನ್ನು ಓದದೆ ಮುಂದೆ ಹೋಗಬೇಡಿ.

ಹೊತ್ತು ಯಾಕೆ ಮುಖ್ಯ?

ನಾವು ತಿಂದ ರೊಟ್ಟಿ, ಅನ್ನ, ಚಪಾತಿ ಎಲ್ಲವೂ ಕರುಳಿನಲ್ಲಿ ಗ್ಲೂಕೋಸ್ ಆಗಿ ರಕ್ತಕ್ಕೆ ಸೇರುತ್ತವೆ. ಊಟ ಶುರು ಮಾಡಿದ 10–15 ನಿಮಿಷಕ್ಕೇ ರಕ್ತದ ಸಕ್ಕರೆ ಏರತೊಡಗುತ್ತದೆ. ಆರೋಗ್ಯವಂತರಲ್ಲಿ ಸಾಮಾನ್ಯವಾಗಿ 30ರಿಂದ 60 ನಿಮಿಷದ ನಡುವೆ ಅದು ತುದಿ ಮುಟ್ಟಿ, ಎರಡು ಮೂರು ಗಂಟೆಯಲ್ಲಿ ಮೊದಲಿನ ಮಟ್ಟಕ್ಕೆ ಇಳಿಯುತ್ತದೆ. ಇಳಿಸುವ ಕೆಲಸ ಮುಖ್ಯವಾಗಿ ಇನ್ಸುಲಿನ್‌ನದು. ಇನ್ಸುಲಿನ್ ಅಂದರೆ ಮೇದೋಜೀರಕ ಗ್ರಂಥಿಯಿಂದ ಬರುವ ಹಾರ್ಮೋನು, ರಕ್ತದ ಸಕ್ಕರೆಯನ್ನು ಸ್ನಾಯು, ಕೊಬ್ಬು, ಪಿತ್ತಜನಕಾಂಗಗಳ ಕಡೆ ಕಳಿಸುತ್ತದೆ.

ಇಲ್ಲಿ ಸ್ನಾಯುಗಳದ್ದು ಒಂದು ವಿಶೇಷ ಇದೆ. ಅವು ಕೆಲಸ ಮಾಡುತ್ತಿರುವಾಗ ಇನ್ಸುಲಿನ್ ದಾರಿ ಕಾಯುವುದಿಲ್ಲ. ಸ್ನಾಯು ಸಂಕುಚಿಸಿದಾಗ ಗ್ಲೂಟ್-4 ಅನ್ನುವ ಸಾಗಣೆ ಪ್ರೋಟೀನು ಜೀವಕೋಶದ ಒಳಗಿನಿಂದ ಮೇಲ್ಪದರಕ್ಕೆ ಬಂದು ಸಕ್ಕರೆಯನ್ನು ಒಳಗೆ ಎಳೆದುಕೊಳ್ಳುತ್ತದೆ. ತೊಡೆ, ಮೀನಖಂಡಗಳು ದೊಡ್ಡ ಸ್ನಾಯುಗಳು. ನಿಧಾನ ನಡೆದರೂ ಅವು ಗಣನೀಯವಾಗಿಯೇ ಸಕ್ಕರೆ ಬಳಸುತ್ತವೆ.

ಆಲಮಟ್ಟಿ ಅಣೆಕಟ್ಟಿಗೆ ಒಳಹರಿವು ಏರುತ್ತಿರುವಾಗಲೇ ಗೇಟು ಎತ್ತುತ್ತಾರೆ, ಅಲ್ವಾ? ನೀರು ಬರುವ ಮೊದಲೇ ಎತ್ತಿದರೆ ಪ್ರಯೋಜನ ಕಡಿಮೆ, ತುಂಬಿ ಇಳಿದ ಮೇಲೆ ಎತ್ತಿದರೂ ಅಷ್ಟೇ. ಊಟದ ನಂತರದ ನಡಿಗೆಯ ಲೆಕ್ಕವೂ ಇದೇ.

ಖಾಲಿ ಹೊಟ್ಟೆಯಲ್ಲಿ ನಡೆದಾಗ ಹೊರಗಿನಿಂದ ಸಕ್ಕರೆ ಬರುತ್ತಿರುವುದಿಲ್ಲ. ಸ್ನಾಯು ಬಳಸಿದಷ್ಟನ್ನು ಪಿತ್ತಜನಕಾಂಗ ತನ್ನ ದಾಸ್ತಾನಿನಿಂದ ರಕ್ತಕ್ಕೆ ಬಿಡುತ್ತದೆ. ಈ ದಾಸ್ತಾನಿಗೆ ಗ್ಲೈಕೋಜನ್ ಅನ್ನುತ್ತಾರೆ. ಹಾಗಾಗಿ ಮೀಟರ್‌ನಲ್ಲಿ ಅಂಕಿ ಹೆಚ್ಚು ಕಡಿಮೆ ಇದ್ದಲ್ಲೇ ಇರುತ್ತದೆ. ಆಮೇಲೆ ಮಾಡುವ ನಾಷ್ಟಾದ ಏರಿಕೆಯ ಮೇಲೂ ಆ ನಡಿಗೆಯ ಪರಿಣಾಮ ಕಡಿಮೆ, ಒಬ್ಬರಿಂದ ಒಬ್ಬರಿಗೆ ಬೇರೆ ಬೇರೆ.

ಇದನ್ನು ಅಳೆದು ನೋಡಿದವರಿದ್ದಾರೆ. 2013ರಲ್ಲಿ ಅಮೆರಿಕದ ಜಾರ್ಜ್ ವಾಷಿಂಗ್ಟನ್ ವಿಶ್ವವಿದ್ಯಾಲಯದ ಸಂಶೋಧಕರು 60 ದಾಟಿದ 10 ಜನರ ಮೇಲೆ ಅಧ್ಯಯನ ಮಾಡಿದರು. ಮೂರೂ ಊಟದ ನಂತರ 15 ನಿಮಿಷ ನಡೆದ ದಿನ, ರಾತ್ರಿ ಊಟದ ನಂತರದ ಏರಿಕೆ ಚೆನ್ನಾಗಿ ತಗ್ಗಿತು. ಒಂದೇ ಸಲ 45 ನಿಮಿಷ ನಡೆದ ದಿನಗಳಲ್ಲಿ ಅಷ್ಟು ತಗ್ಗಲಿಲ್ಲ. 2016ರಲ್ಲಿ ನ್ಯೂಜಿಲೆಂಡಿನ ಒಟಾಗೊ ವಿಶ್ವವಿದ್ಯಾಲಯದವರು ಟೈಪ್-2 ಸಕ್ಕರೆ ಕಾಯಿಲೆ ಇದ್ದ 41 ಜನರಲ್ಲಿ ಇಂಥದ್ದನ್ನೇ ನೋಡಿದರು. ಯಾವಾಗಲಾದರೂ 30 ನಿಮಿಷ ನಡೆಯುವುದಕ್ಕಿಂತ ಪ್ರತಿ ಊಟದ ನಂತರ 10 ನಿಮಿಷ ನಡೆದಾಗ ಊಟದ ನಂತರದ ಏರಿಕೆ ಒಟ್ಟಾರೆ ಶೇ 12ರಷ್ಟು, ರಾತ್ರಿ ಊಟದ ನಂತರ ಶೇ 22ರಷ್ಟು ಕಡಿಮೆ ಇತ್ತು. ಇವು ಚಿಕ್ಕ ಅಧ್ಯಯನಗಳು, ಭಾಗವಹಿಸಿದವರು ವಯಸ್ಸಾದವರು ಅಥವಾ ಕಾಯಿಲೆ ಇದ್ದವರು. ಆರೋಗ್ಯವಂತರಲ್ಲಿ ಏರಿಕೆಯೇ ಸಣ್ಣದು, ಆದ್ದರಿಂದ ಲಾಭವೂ ಸಣ್ಣದಾಗಿ ಕಾಣುತ್ತದೆ. ಆದರೆ ದಿಕ್ಕು ಒಂದೇ.

ಹಂತ 1: ಮೊದಲು ನಿಮ್ಮ ಅಂಕಿ ಗೊತ್ತಿರಲಿ

"ನನಗೇನೂ ಇಲ್ಲ" ಅನ್ನುವುದು ಬಹಳ ಜನರ ಊಹೆ, ಪರೀಕ್ಷೆ ಮಾಡಿಸಿ ಹೇಳಿದ ಮಾತಲ್ಲ. ಎರಡು ಪರೀಕ್ಷೆ ಮಾಡಿಸಿಕೊಳ್ಳಿ.

ಒಂದು, ಖಾಲಿ ಹೊಟ್ಟೆಯ ಸಕ್ಕರೆ. 100 ಮಿಲಿಲೀಟರ್ ರಕ್ತದಲ್ಲಿ 70ರಿಂದ 99 ಮಿಲಿಗ್ರಾಂ ಇದ್ದರೆ ಸರಿ. 100ರಿಂದ 125 ಇದ್ದರೆ ಕಾಯಿಲೆಯ ಹೊಸ್ತಿಲು. 126 ಅಥವಾ ಹೆಚ್ಚು ಬಂದರೆ ಇನ್ನೊಂದು ಸಲ ಪರೀಕ್ಷಿಸಿ ಕಾಯಿಲೆ ಹೌದೋ ಅಲ್ಲವೋ ಖಚಿತ ಮಾಡುತ್ತಾರೆ.

ಎರಡನೆಯದು ಎಚ್‌ಬಿಎ1ಸಿ. ಹಿಂದಿನ ಎರಡು ಮೂರು ತಿಂಗಳ ಸರಾಸರಿಯನ್ನು ಇದು ಹೇಳುತ್ತದೆ. ಶೇ 5.7ಕ್ಕಿಂತ ಕಡಿಮೆ ಇದ್ದರೆ ಸರಿ, 6.5 ಮುಟ್ಟಿದರೆ ಕಾಯಿಲೆ. ರಕ್ತಹೀನತೆ ಇರುವವರಲ್ಲಿ ಈ ಅಂಕಿ ದಾರಿ ತಪ್ಪಿಸಬಹುದು, ಹಾಗಿದ್ದರೆ ವೈದ್ಯರಿಗೆ ಮೊದಲೇ ಹೇಳಿ.

ಎಚ್ಚರಿಕೆ: ಇನ್ಸುಲಿನ್, ಅಥವಾ ಗ್ಲಿಮೆಪಿರೈಡ್, ಗ್ಲಿಬೆನ್‌ಕ್ಲಮೈಡ್, ಗ್ಲಿಕ್ಲಜೈಡ್‌ನಂಥ ಮಾತ್ರೆ ತೆಗೆದುಕೊಳ್ಳುವವರಲ್ಲಿ ವ್ಯಾಯಾಮದಿಂದ ಸಕ್ಕರೆ 70ಕ್ಕಿಂತ ಕೆಳಗೆ ಇಳಿಯಬಹುದು. ಬೆವರು, ಕೈನಡುಕ, ಎದೆಬಡಿತ, ಕಣ್ಣು ಮಂಜಾಗುವುದು ಇದರ ಲಕ್ಷಣ. ಹಾಗಾದರೆ ತಕ್ಷಣ ನಿಂತು ಮೂರು ಚಮಚ ಸಕ್ಕರೆ ನೀರಿನಲ್ಲಿ ಕಲಸಿ ಕುಡಿದು, 15 ನಿಮಿಷದ ನಂತರ ಮತ್ತೆ ಪರೀಕ್ಷಿಸಿ. ನಡಿಗೆಯ ಹೊತ್ತು ಬದಲಿಸುವ ಮೊದಲು ವೈದ್ಯರ ಹತ್ತಿರ ಮಾತಾಡಿ.

ಇನ್ನೊಂದು ಮಾತು. ಊಟ ಮಾಡಿ ನಡೆಯುವಾಗ ಎದೆ ಬಿಗಿಯುವುದು, ದವಡೆ ಅಥವಾ ಎಡಗೈ ನೋಯುವುದು ಕಂಡರೆ ಅದನ್ನು "ಗ್ಯಾಸ್" ಅಂದುಕೊಂಡು ಸುಮ್ನೆ ಬಿಡಬೇಡಿ. ನಡಿಗೆ ನಿಲ್ಲಿಸಿ, ಆಸ್ಪತ್ರೆಗೆ ಹೋಗಿ.

ಹಂತ 2: ಯಾವ ಊಟದ ನಂತರ ನಡೆಯಬೇಕು ಅಂತ ಆರಿಸಿ

ಮೂರು ದಿನ ಏನು ತಿಂದಿರಿ, ಎಷ್ಟು ಹೊತ್ತಿಗೆ ತಿಂದಿರಿ, ಆಮೇಲೆ ಏನು ಮಾಡಿದಿರಿ ಅಂತ ಒಂದು ಚೀಟಿಯಲ್ಲಿ ಬರೆಯಿರಿ. ಮೂರನೆಯ ಕಾಲಂ ಮುಖ್ಯ. ನಾಷ್ಟಾ ಆದ ಮೇಲೆ ಹೆಚ್ಚಿನವರು ಹೇಗೂ ಓಡಾಡುತ್ತಾರೆ, ಬಸ್ ಹಿಡಿಯುತ್ತಾರೆ, ಅಂಗಡಿ ತೆಗೆಯುತ್ತಾರೆ, ಹೊಲಕ್ಕೆ ಹೋಗುತ್ತಾರೆ. ಮಧ್ಯಾಹ್ನ ಅರ್ಧಂಬರ್ಧ. ರಾತ್ರಿ ಮಾತ್ರ ಉಂಡು ಟಿವಿ ಮುಂದೆ ಕೂತರೆ ಎದ್ದು ಹೋಗುವುದು ನೇರ ಹಾಸಿಗೆಗೆ.

ಬೆಳಗಾವಿಯ ಖಡೇಬಜಾರಿನ ಅಂಗಡಿಯವರ ದಿನಚರಿ ನೋಡಿ. ಬಾಗಿಲು ಹಾಕಿ ಮನೆ ಮುಟ್ಟುವಷ್ಟರಲ್ಲಿ ಒಂಬತ್ತೂವರೆ. ಹಸಿವು ಜೋರಾಗಿರುತ್ತದೆ. ಎರಡು ಮೂರು ರೊಟ್ಟಿ, ಪಲ್ಯ, ಅದರ ಮೇಲೆ ಅನ್ನ ಸಾರು, ಮತ್ತೆ ಅನ್ನ ಮೊಸರು. ಹತ್ತೂವರೆಗೆ ನಿದ್ದೆ. ಒಂದೇ ಊಟ ಮುಂಜಾನೆ ತಿಂದಾಗ ಏರುವುದಕ್ಕಿಂತ ರಾತ್ರಿ ತಿಂದಾಗ ಸಕ್ಕರೆ ಜಾಸ್ತಿ ಏರುತ್ತದೆ. ದೇಹದ ಒಳಗಡಿಯಾರದ ಪ್ರಕಾರ ಸಂಜೆಯಾದಂತೆ ಇನ್ಸುಲಿನ್‌ನ ಕೆಲಸ ಮಂದವಾಗುತ್ತದೆ. ದಿನದ ದೊಡ್ಡ ಊಟ ಬೀಳುವುದು ಸರಿಯಾಗಿ ಆ ಹೊತ್ತಿಗೇ. ಅದಕ್ಕೇ ರಾತ್ರಿ ಊಟದ ಮೇಲೆ ನಾನು ಇಷ್ಟು ಒತ್ತು ಕೊಡುತ್ತಿರುವುದು.

ಇಲ್ಲೊಂದು ತಪ್ಪು ತಿಳಿವಳಿಕೆ ಇದೆ. "ನಾವು ಜೋಳದ ರೊಟ್ಟಿ ತಿನ್ನುವವರು, ನಮಗೆ ಶುಗರ್ ಏರುವುದಿಲ್ಲ" ಅನ್ನುತ್ತಾರೆ. ಜೋಳದಲ್ಲಿ ನಾರು ಚೆನ್ನಾಗಿದೆ, 100 ಗ್ರಾಂಗೆ ಸುಮಾರು 10 ಗ್ರಾಂ. ಪಾಲಿಶ್ ಮಾಡಿದ ಅಕ್ಕಿಯಲ್ಲಿ ಅದರ ಮೂರರಲ್ಲೊಂದು ಪಾಲು ಕೂಡ ಸಿಗುವುದು ಕಷ್ಟ. ಆದರೆ ಜೋಳದಲ್ಲೂ ಮೂರರಲ್ಲಿ ಎರಡು ಪಾಲು ಪಿಷ್ಟವೇ. ಪಿಷ್ಟ ಅಂದರೆ ಕರುಳಿನಲ್ಲಿ ಒಡೆದು ಗ್ಲೂಕೋಸ್ ಆಗುವ ಅಂಶ. ನಾಲ್ಕು ರೊಟ್ಟಿ ತಿಂದರೆ ಸಕ್ಕರೆ ಏರಿಯೇ ಏರುತ್ತದೆ. ರೊಟ್ಟಿ ಜೊತೆ ಕಾಳುಪಲ್ಯ, ಝುಣಕ, ಸೇಂಗಾ ಹಿಂಡಿ, ಹಸಿ ಸೌತೆಕಾಯಿ, ಮೆಂತ್ಯೆ ಸೊಪ್ಪು ಇದ್ದರೆ ಏರಿಕೆ ನಿಧಾನವಾಗುತ್ತದೆ. ಇವನ್ನು ಮೊದಲು ತಿಂದು, ಅನ್ನವನ್ನು ಕೊನೆಗೆ ಸ್ವಲ್ಪವೇ ಬಡಿಸಿಕೊಂಡರೆ ಇನ್ನೂ ಒಳ್ಳೆಯದು.

ಹೋಳಿಗೆ, ಮಾದಲಿ, ಗೋಧಿ ಹುಗ್ಗಿ ಇರುವ ಹಬ್ಬದ ದಿನ ಮಧ್ಯಾಹ್ನದ ಊಟವೇ ದೊಡ್ಡದು. ಆ ದಿನ ನಡಿಗೆಯನ್ನು ಮಧ್ಯಾಹ್ನಕ್ಕೆ ತನ್ನಿ.

ಹಂತ 3: ಕೈ ತೊಳೆದ ಮೇಲೆ ಕೂರಬೇಡಿ

ಊಟ ಮುಗಿಸಿ 10 ನಿಮಿಷ ತಟ್ಟೆ ಎತ್ತಿಡಿ, ನೀರು ಕುಡಿಯಿರಿ, ಚಪ್ಪಲಿ ಹಾಕಿಕೊಳ್ಳಿ. ಹೆಚ್ಚೆಂದರೆ ಅರ್ಧ ಗಂಟೆಯೊಳಗೆ ಹೊರಗೆ ಬಿದ್ದಿರಬೇಕು. "ಅರಗಲಿ ಅಂತ ಒಂದು ಗಂಟೆ ಬಿಟ್ಟು ಹೋಗುತ್ತೇನೆ" ಅಂದರೆ ಏರಿಕೆಯ ತುದಿ ಅಷ್ಟರಲ್ಲಿ ದಾಟಿರುತ್ತದೆ. ಆಮೇಲೆ ನಡೆದರೂ ವ್ಯಾಯಾಮ ವ್ಯರ್ಥವಲ್ಲ, ಆದರೆ ತುದಿಯನ್ನು ತಗ್ಗಿಸುವ ಅವಕಾಶ ಹೋಯಿತು.

ದೊಡ್ಡ ತೊಂದರೆ ಬರುವುದು "ಐದು ನಿಮಿಷ ಅಡ್ಡಾಗಿ ಏಳುತ್ತೇನೆ" ಅನ್ನುವುದರಿಂದ. ಆ ಐದು ನಿಮಿಷ ಮುಗಿಯುವುದೇ ಇಲ್ಲ.

ಉಂಡ ಕೂಡಲೇ ನಡೆದರೆ ಜೀರ್ಣ ಕೆಡುತ್ತದೆ ಅನ್ನುವ ಭಯ ಓಟಕ್ಕೆ, ಭಾರ ಎತ್ತುವುದಕ್ಕೆ ಸರಿ. ಆರಾಮದ ನಡಿಗೆಗೆ ಅದು ಅನ್ವಯಿಸುವುದಿಲ್ಲ. ಹುಳಿತೇಗು, ಎದೆಯುರಿ ಇರುವವರಿಗೆ ಮಲಗುವುದಕ್ಕಿಂತ ನೆಟ್ಟಗೆ ಇದ್ದು ಹೆಜ್ಜೆ ಹಾಕುವುದೇ ಹಿತ. ವಯಸ್ಸಾದವರಲ್ಲಿ ಕೆಲವರಿಗೆ ಊಟದ ನಂತರ ರಕ್ತದೊತ್ತಡ ಇಳಿದು ತಲೆಸುತ್ತು ಬರುತ್ತದೆ. ಅವರು ಒಬ್ಬರೇ ಹೋಗಬಾರದು, ಎದ್ದ ಕೂಡಲೇ ಹೊರಡಲೂಬಾರದು.

ಮನೆಯ ಹೆಣ್ಣುಮಕ್ಕಳಿಗೆ ಒಂದು ಮಾತು. ಎಲ್ಲರಿಗೂ ಬಡಿಸಿ ನೀವು ಕಡೆಗೆ ಉಣ್ಣುತ್ತೀರಿ. ಮನೆಯವರು ನಡೆಯಲು ಹೊರಟಾಗ ನಿಮ್ಮ ತಟ್ಟೆ ಇನ್ನೂ ಖಾಲಿ ಆಗಿರುವುದಿಲ್ಲ. ನಿಮ್ಮ ಲೆಕ್ಕ ನಿಮ್ಮ ಊಟದಿಂದ ಶುರುವಾಗುತ್ತದೆ, ಅವರ ಊಟದಿಂದಲ್ಲ. ಪಾತ್ರೆ ತೊಳೆಯುವುದು, ಒಲೆಕಟ್ಟೆ ಒರೆಸುವುದು ಕೂತಿರುವುದಕ್ಕಿಂತ ವಾಸಿ, ನಿಜ. ಆದರೆ ತೊಡೆ, ಮೀನಖಂಡಗಳಿಗೆ ಅದರಲ್ಲಿ ಕೆಲಸ ಕಡಿಮೆ. ಎಲ್ಲರೂ ಒಟ್ಟಿಗೆ ಕೂತು ಉಂಡು, ಒಟ್ಟಿಗೆ ಹೊರಡುವ ರೂಢಿ ಮಾಡಿಕೊಂಡರೆ ಈ ಸಮಸ್ಯೆ ಬಗೆಹರಿಯುತ್ತದೆ. ಗಂಡಸರು ಇದನ್ನು ಓದುತ್ತಿದ್ದರೆ, ಪಾತ್ರೆಗಳನ್ನು ನೀವೂ ತೊಳೆಯಬಹುದು.

ಹಂತ 4: ಎಷ್ಟು ಜೋರು, ಎಷ್ಟು ಹೊತ್ತು

ನಿಮಿಷಕ್ಕೆ ಸುಮಾರು 100 ಹೆಜ್ಜೆ. ಜೊತೆಗಿರುವವರ ಸಂಗಡ ಮಾತಾಡಲು ಬರಬೇಕು, ಹಾಡಲು ದಮ್ಮು ಸಾಲಬಾರದು. 10 ನಿಮಿಷಕ್ಕೆ 1000 ಹೆಜ್ಜೆ, 15 ನಿಮಿಷಕ್ಕೆ 1500. ನಮ್ಮ ಕಡೆ ಹಿರಿಯರು ಶತಪಾವಲಿ ಅಂತ ಉಂಡ ಮೇಲೆ ನೂರು ಹೆಜ್ಜೆ ಹಾಕುತ್ತಿದ್ದರು. ರೂಢಿ ಒಳ್ಳೆಯದು, ಆದರೆ ನೂರು ಹೆಜ್ಜೆ ಒಂದೇ ನಿಮಿಷದಲ್ಲಿ ಮುಗಿಯುತ್ತದೆ. ಅದನ್ನು ಹತ್ತು ಹದಿನೈದು ಪಟ್ಟು ಮಾಡಿ.

ಮೊಬೈಲ್ ನೋಡುತ್ತಾ ಕಾಲೆಳೆಯುವುದನ್ನು ಲೆಕ್ಕಕ್ಕೆ ಹಿಡಿಯಬೇಡಿ. ರಾತ್ರಿ ಹೊತ್ತು ಬೀದಿದೀಪ ಇರುವ ದಾರಿಯನ್ನೇ ಹಿಡಿಯಿರಿ. ನವನಗರದ ಸೆಕ್ಟರ್ ರಸ್ತೆಗಳು ಅಗಲ ಇವೆ, ಸುಲಭ. ಹಳೆ ಊರಿನ ಸಂದಿಗಳಲ್ಲಿ ಇರುವವರು ಮಾಳಿಗೆ ಮೇಲೆ ಸುತ್ತಿದರೂ ನಡೆಯುತ್ತದೆ.

ಹಂತ 5: ಬಿಸಿಲು, ಮಳೆ, ಅಂಗಡಿ ಕುರ್ಚಿ

ಏಪ್ರಿಲ್, ಮೇ ತಿಂಗಳಲ್ಲಿ ವಿಜಯಪುರ, ಬಾಗಲಕೋಟೆಯ ಮಧ್ಯಾಹ್ನ 40 ಡಿಗ್ರಿ ದಾಟುತ್ತದೆ. ಆ ಬಿಸಿಲಲ್ಲಿ ಊಟ ಮಾಡಿ ಹೊರಗೆ ನಡೆಯುವುದು ಬೇಡವೇ ಬೇಡ. ಬೆಳಗಾವಿಯಲ್ಲಿ ಜೂನ್ ಹಿಡಿದರೆ ಸೆಪ್ಟೆಂಬರ್‌ವರೆಗೆ ಮಳೆಯದೇ ಕಾಟ. ಆಗ ಪಡಸಾಲೆಯಲ್ಲೇ ಹಿಂದೆ ಮುಂದೆ ನಡೆಯಿರಿ, ಮೆಟ್ಟಿಲು ಹತ್ತಿ ಇಳಿಯಿರಿ. ಅದೂ ಆಗದಿದ್ದರೆ ಗೋಡೆ ಹಿಡಿದು ಹಿಮ್ಮಡಿ ಎತ್ತಿ ಇಳಿಸಿ, ಕುರ್ಚಿಯಿಂದ ಕೈ ಊರದೆ ಎದ್ದು ಕೂರಿ. ಹತ್ತು ಹತ್ತು ಸಲದಂತೆ ನಡುವೆ ಸ್ವಲ್ಪ ಬಿಡುವು ಕೊಟ್ಟು 10 ನಿಮಿಷ ಮಾಡಿದರೆ ಸಾಕು.

ಗಲ್ಲಾ ಮುಂದೆ, ಕಚೇರಿ ಮೇಜಿನ ಮುಂದೆ ಇಡೀ ದಿನ ಕೂರುವವರು ಅರ್ಧ ಗಂಟೆಗೊಮ್ಮೆ ಎದ್ದು 2ರಿಂದ 5 ನಿಮಿಷ ಓಡಾಡಿ. ಇಷ್ಟು ಚಿಕ್ಕ ಬಿಡುವಿನಿಂದಲೂ ಊಟದ ನಂತರದ ಸಕ್ಕರೆ ತಗ್ಗುವುದು ಅಧ್ಯಯನಗಳಲ್ಲಿ ಕಂಡಿದೆ. ಬರೀ ಎದ್ದು ನಿಲ್ಲುವುದಕ್ಕಿಂತ ನಡೆಯುವುದು ಹೆಚ್ಚು ಉಪಯೋಗ.

ಹಂತ 6: ಮುಂಜಾನೆಯ ವಾಕಿಂಗ್ ಬಿಡಬೇಡಿ

ಈ ಲೇಖನ ಓದಿ ಯಾರಾದರೂ ಮುಂಜಾನೆ ನಡೆಯುವುದನ್ನು ನಿಲ್ಲಿಸಿದರೆ ನನಗೆ ಬೇಜಾರಾಗುತ್ತದೆ. ಖಾಲಿ ಹೊಟ್ಟೆಯ ನಡಿಗೆಯಲ್ಲಿ ದೇಹ ಇಂಧನಕ್ಕಾಗಿ ಕೊಬ್ಬನ್ನು ಜಾಸ್ತಿ ಬಳಸುತ್ತದೆ. ಯಾವ ಹೊತ್ತಿಗೆ ಮಾಡಿದ ವ್ಯಾಯಾಮವೇ ಆಗಲಿ, ಚೆನ್ನಾಗಿ ಮಾಡಿದ್ದರೆ ಇನ್ಸುಲಿನ್ ಮಾತನ್ನು ಸ್ನಾಯು ಕೇಳುವ ಗುಣ ಒಂದೆರಡು ದಿನ ಸುಧಾರಿಸಿರುತ್ತದೆ. ಹೃದಯಕ್ಕೂ ಒಳ್ಳೆಯದು. ಮುಂಜಾನೆ ಅರ್ಧ ಗಂಟೆ ಇರಲಿ, ರಾತ್ರಿಯ 10 ನಿಮಿಷ ಅದರ ಜೊತೆ ಸೇರಲಿ.

ಮೂರು ತಪ್ಪು ಮಾತ್ರ ಬೇಡ. ನಡೆದು ಬಂದು ಗುಂಪಿನಲ್ಲಿ ಕೂತು ಪೂರಿ, ಮಿರ್ಚಿ ಭಜಿ, ಮೇಲೊಂದು ಸಕ್ಕರೆ ಹಾಕಿದ ಚಹಾ ಅಂದರೆ ಖರ್ಚಾದದ್ದಕ್ಕಿಂತ ಹೆಚ್ಚು ಒಳಗೆ ಹೋಗುತ್ತದೆ. ಓಡಲು ಹೋಗುವ ಅರ್ಧ ಮುಕ್ಕಾಲು ಗಂಟೆ ಮೊದಲು ಜ್ಯೂಸ್ ಅಥವಾ ಗ್ಲೂಕೋಸ್ ನೀರು ಕುಡಿಯುವುದೂ ಸರಿಯಲ್ಲ, ಕೆಲವರಿಗೆ ಅದರಿಂದ ಓಟದ ಆರಂಭದಲ್ಲೇ ಸಕ್ಕರೆ ಕುಸಿದು ಕಾಲು ಸೋಲುತ್ತದೆ. ಮೂರನೆಯದು ಭಯ. ಖಾಲಿ ಹೊಟ್ಟೆಯಲ್ಲಿ ಜೋರಾಗಿ ಓಡಿ ಬಂದು ಮೀಟರ್ ನೋಡಿದರೆ ಅಂಕಿ ಮೊದಲಿಗಿಂತ ಏರಿರಬಹುದು. ಅಡ್ರಿನಲಿನ್ ಹಾರ್ಮೋನು ಪಿತ್ತಜನಕಾಂಗದಿಂದ ಸಕ್ಕರೆ ಬಿಡಿಸಿರುತ್ತದೆ, ಸ್ವಲ್ಪ ಹೊತ್ತಿಗೆ ಇಳಿಯುತ್ತದೆ. ಕಾಯಿಲೆ ಅಲ್ಲ.

ಹಂತ 7: ಜಿಮ್, ಓಟ, ಕುಸ್ತಿ ತಾಲೀಮು

ಹೊಟ್ಟೆ ತುಂಬ ಉಂಡಿದ್ದರೆ ಎರಡರಿಂದ ಮೂರು ಗಂಟೆ ಬಿಡಿ. ಬಾಳೆಹಣ್ಣಿನಂಥ ಹಗುರ ತಿಂಡಿ ಆದರೆ ಒಂದು ಗಂಟೆ ಸಾಕು. ರಾತ್ರಿ ಹತ್ತರ ಮೇಲೆ ಬೆವರು ಕಿತ್ತುಬರುವಂಥ ವ್ಯಾಯಾಮ ಮಾಡಿದರೆ ಕೆಲವರಿಗೆ ನಿದ್ದೆ ಕೆಡುತ್ತದೆ. ನಿದ್ದೆ ಕೆಟ್ಟರೆ ಮರುದಿನದ ಸಕ್ಕರೆ ಮೇಲೆಯೇ ಹೊಡೆತ.

ಹಂತ 8: ನಿಮ್ಮ ದೇಹದ ಮೇಲೆ ನೀವೇ ನೋಡಿ

ಇದು ಕಡ್ಡಾಯವಲ್ಲ. ಕುತೂಹಲ ಇದ್ದವರಿಗೆ, ಮನೆಯಲ್ಲಿ ಗ್ಲೂಕೋಮೀಟರ್ ಇದ್ದವರಿಗೆ. ಗ್ಲೂಕೋಮೀಟರ್ ಅಂದರೆ ಬೆರಳ ತುದಿಯ ಒಂದು ಹನಿ ರಕ್ತದಿಂದ ಸಕ್ಕರೆ ಅಳೆಯುವ ಪುಟ್ಟ ಯಂತ್ರ.

ಎರಡು ರಾತ್ರಿ ಒಂದೇ ಊಟ ಮಾಡಿ. ಒಂದೇ ಅಂದರೆ ಅಳತೆಯಲ್ಲೂ ಒಂದೇ: ಎರಡು ರೊಟ್ಟಿ, ಒಂದು ಬಟ್ಟಲು ಪಲ್ಯ, ಒಂದು ಬಟ್ಟಲು ಅನ್ನ, ಒಂದೇ ಹೊತ್ತಿಗೆ. ಮೊದಲ ರಾತ್ರಿ ಉಂಡು ಕೂತಿರಿ. ಎರಡನೇ ರಾತ್ರಿ ಉಂಡು 15 ನಿಮಿಷ ನಡೆಯಿರಿ. ಎರಡೂ ದಿನ ಊಟಕ್ಕೆ ಮೊದಲು, ಮೊದಲ ತುತ್ತಿನಿಂದ ಲೆಕ್ಕ ಹಾಕಿ 60ನೇ ನಿಮಿಷಕ್ಕೆ ಮತ್ತು 120ನೇ ನಿಮಿಷಕ್ಕೆ ಅಳೆಯಿರಿ. ಕೈ ತೊಳೆದ ಹೊತ್ತಿನಿಂದ ಲೆಕ್ಕ ಹಾಕಿದರೆ ಎರಡೂ ದಿನದ ಹೋಲಿಕೆ ಕೆಡುತ್ತದೆ.

ಬೆರಳು ಚುಚ್ಚುವ ಮೊದಲು ಸೋಪಿನಿಂದ ಕೈ ತೊಳೆದು ಪೂರ್ತಿ ಒರೆಸಿ. ಮಾವಿನಹಣ್ಣು ಹೆಚ್ಚಿದ ಕೈ, ಬೆಲ್ಲ ಮುಟ್ಟಿದ ಕೈಯಲ್ಲಿ ಪರೀಕ್ಷಿಸಿದರೆ ಅಂಕಿ ಸುಳ್ಳಾಗಿ ಹಾರುತ್ತದೆ, ಎಷ್ಟೋ ಮನೆಗಳಲ್ಲಿ ಗಾಬರಿ ಹುಟ್ಟುವುದು ಇದರಿಂದಲೇ. ಬೆರಳ ನಡುವೆ ಚುಚ್ಚದೆ ಬದಿಗೆ ಚುಚ್ಚಿ, ನೋವು ಕಡಿಮೆ. ರಕ್ತ ಬರಲಿ ಅಂತ ಬೆರಳನ್ನು ಜೋರಾಗಿ ಹಿಂಡಬೇಡಿ. ಸ್ಟ್ರಿಪ್ ಡಬ್ಬಿಯ ಮುಚ್ಚಳ ತಕ್ಷಣ ಹಾಕಿ, ಬೇಸಿಗೆಯಲ್ಲಿ ಗಾಡಿಯ ಡಿಕ್ಕಿಯಲ್ಲಿ ಇಟ್ಟು ಮರೆಯಬೇಡಿ. ಬಿಸಿಗೂ ತೇವಕ್ಕೂ ಸ್ಟ್ರಿಪ್ ಕೆಡುತ್ತದೆ. ಸೂಜಿಯನ್ನು ಇನ್ನೊಬ್ಬರ ಜೊತೆ ಹಂಚಿಕೊಳ್ಳುವುದಂತೂ ಕೂಡದು.

ಈಗ ಅಂಕಿಯನ್ನು ಓದುವ ರೀತಿ. ಒಳ್ಳೆಯ ಮೀಟರ್‌ನಲ್ಲೂ ಶೇ 15ರವರೆಗೆ ಆಚೆ ಈಚೆ ಆಗುವುದು ಸಹಜ. ನಿಜವಾದ ಮಟ್ಟ 120 ಇದ್ದರೆ ಯಂತ್ರ 102 ತೋರಿಸಬಹುದು, 138 ತೋರಿಸಬಹುದು. ಹಾಗಾಗಿ ಎಂಟು ಹತ್ತು ಅಂಕಿಯ ವ್ಯತ್ಯಾಸಕ್ಕೆ ಅರ್ಥ ಹಚ್ಚಬೇಡಿ. ಇದೇ ಜೋಡಿಯನ್ನು ಮೂರು ನಾಲ್ಕು ಸಲ ಮಾಡಿ, ನಡೆದ ರಾತ್ರಿಗಳಲ್ಲಿ 60ನೇ ನಿಮಿಷದ ಅಂಕಿ ಸಾಮಾನ್ಯವಾಗಿ ಕೆಳಗಿದೆಯಾ ಅಂತ ನೋಡಿ.

ತೋಳಿಗೆ ಅಂಟಿಸುವ ಸೆನ್ಸರ್ ಬಳಸುವವರಿಗೆ ಎರಡು ಸೂಚನೆ. ಅದು ರಕ್ತವನ್ನಲ್ಲ, ಚರ್ಮದ ಕೆಳಗಿನ ದ್ರವವನ್ನು ಅಳೆಯುತ್ತದೆ, ಆದ್ದರಿಂದ ಅಂಕಿ ಕೆಲವು ನಿಮಿಷ ಹಿಂದೆ ಬೀಳುತ್ತದೆ. ಆ ತೋಳಿನ ಮೇಲೆ ಮಗ್ಗುಲಾಗಿ ಮಲಗಿದರೆ ಮಧ್ಯರಾತ್ರಿ ಸಕ್ಕರೆ ಕುಸಿದಂತೆ ಸುಳ್ಳು ತೋರಿಸಬಹುದು.

ಊಟದ ನಂತರ ಸ್ವಲ್ಪ ಹೊತ್ತು 140 ದಾಟಿ ಇಳಿಯುವುದು ಆರೋಗ್ಯವಂತರಲ್ಲೂ ಆಗುತ್ತದೆ, ಅದಕ್ಕೆ ಹೆದರಿ ಊಟ ಬಿಡಬೇಡಿ. ಆದರೆ ಎರಡು ಗಂಟೆಯ ನಂತರವೂ 140ರ ಮೇಲೆಯೇ ನಿಲ್ಲುವುದು, ಅಥವಾ ಮುಂಜಾನೆ ಖಾಲಿ ಹೊಟ್ಟೆಯಲ್ಲಿ 100ರ ಮೇಲೆ ಬರುವುದು ಮತ್ತೆ ಮತ್ತೆ ಕಂಡರೆ ಮನೆಯ ಮೀಟರ್‌ನಿಂದ ತೀರ್ಮಾನ ಮಾಡಬೇಡಿ. ಲ್ಯಾಬಿಗೆ ಹೋಗಿ ರಕ್ತ ಕೊಟ್ಟು ಪರೀಕ್ಷೆ ಮಾಡಿಸಿ. ವೈದ್ಯರ ಹತ್ತಿರ ಹೋಗುವಾಗ 2ನೇ ಹಂತದಲ್ಲಿ ಬರೆದ ಚೀಟಿಯನ್ನೂ ತೆಗೆದುಕೊಂಡು ಹೋಗಿ.